ಸ್ಟವ್ ಇರಲಿ, ಬುತ್ತಿ ಹೇಗೆ ಕಟ್ಟುತ್ತೀರಿ?

ನಾಲ್ಕು ಜನ, ಎರಡು ದಿನ, ಕುಮಾರ ಪರ್ವತ. ಯಾವ ಗ್ಯಾಸ್ ಸ್ಟವ್ ತಗೊಳ್ಳಲಿ, ಜೊತೆಗೆ ಏನೇನು ಅಡುಗೆ ಸಾಮಾನು ಒಯ್ಯಲಿ ಅಂತ ಕೇಳಿದ್ದೀರಿ. 2016ರ ಡಿಸೆಂಬರ್‌ನಲ್ಲಿ ನಾವೂ ನಾಲ್ಕೇ ಜನ, ಅದೇ ಬೆಟ್ಟ. ಊಟದ ಜವಾಬ್ದಾರಿ ನನ್ನದು.

ಬೆಂಗಳೂರಿಂದ ಸುಬ್ರಹ್ಮಣ್ಯಕ್ಕೆ ರಾತ್ರಿ ಬಸ್ಸು. ಆಫೀಸಿಂದ ಬಂದವನೇ ಸಂಜೆ 7ಕ್ಕೆ ಕುಕ್ಕರ್ ಇಟ್ಟೆ. ಒಂದು ಕೆಜಿ ಅಕ್ಕಿಯ ಚಿತ್ರಾನ್ನ. ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ, ಒಂದಿಡೀ ತೆಂಗಿನಕಾಯಿ ತುರಿದು ಕಲಸಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಹಬೆಯಾಡುತ್ತಿದ್ದ ಅನ್ನವನ್ನು ಹಾಗೇ ದೊಡ್ಡ ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ ಮುಚ್ಚಳ ಬಿಗಿದೆ. ಬೆಚ್ಚಗಿರಲಿ ಅಂತ ಸುತ್ತ ಟವೆಲ್ ಬೇರೆ ಸುತ್ತಿದೆ. ಆಗ ಗಂಟೆ 8.

ಬೆಳಿಗ್ಗೆ ಹತ್ತಲು ಶುರು. ದಾರಿಯ ನಡುವೆ ಸಿಗುವ ಗಿರಿಗದ್ದೆಯಲ್ಲಿ ಟೆಂಟು, ದೊಡ್ಡ ಬ್ಯಾಗುಗಳನ್ನು ಬಿಟ್ಟೆವು. ಅಲ್ಲಿ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾಂಬಾರು ಸಿಗುತ್ತಿತ್ತು. ನಮ್ಮ ಹತ್ತಿರವೇ ಊಟ ಇದೆಯಲ್ಲ ಅಂತ ಹಾಗೇ ಮುಂದೆ ಹೊರಟೆವು. ಮಧ್ಯಾಹ್ನ 1 ಗಂಟೆಗೆ ಕಲ್ಲು ಮಂಟಪದ ಹತ್ತಿರ ಕೂತು ಡಬ್ಬಿ ತೆಗೆದೆ. ಮುಚ್ಚಳದ ಒಳಗೆಲ್ಲ ನೀರಿನ ಹನಿ. ಮೇಲಿನ ಅನ್ನ ಚೆನ್ನಾಗಿಯೇ ಕಂಡಿತು. ನಡುವಿನಿಂದ ಒಂದು ಸೌಟು ಎತ್ತಿದಾಗ ಸಣ್ಣಗೆ ನೂಲು ಎಳೆಯಿತು. ಹುಳಿ ವಾಸನೆ ಇತ್ತು. ನಿಂಬೆಹುಳಿ ಇರಬೇಕು ಅಂತ ಒಬ್ಬ ಅಂದ. ಹಸಿವು ಜೋರಾಗಿತ್ತು, ನಾನೂ ಹೌದು ಅಂದೆ. ನಾನು ಹೌದು ಅನ್ನಬಾರದಿತ್ತು.

ಎರಡು ಗಂಟೆಯೊಳಗೆ ಇಬ್ಬರಿಗೆ ವಾಂತಿ ಶುರುವಾಯಿತು. ಶಿಖರದ ಮಾತು ಅಲ್ಲಿಗೇ ಮುಗಿಯಿತು. ತೋಳು ಹಿಡಿದು ಅವರನ್ನು ಗಿರಿಗದ್ದೆಗೆ ಇಳಿಸುವ ಹೊತ್ತಿಗೆ ಕತ್ತಲು. ಬ್ಯಾಗಿನಲ್ಲಿ ಓಆರ್‌ಎಸ್ ಇರಲಿಲ್ಲ, ಉಪ್ಪೂ ಇರಲಿಲ್ಲ. ಪಕ್ಕದ ಟೆಂಟಿನವರು ಉಪ್ಪು, ಸಕ್ಕರೆ ಕೊಟ್ಟರು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೆಳಗಿನವರೆಗೂ ಗುಟುಕು ಗುಟುಕಾಗಿ ಅದನ್ನೇ ಕುಡಿಸಿದೆ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಮಾತೇ, "ಅನ್ನ ಆರಿಸಿ ಕಟ್ಟಿದ್ಯೇನೋ?"

ತಪ್ಪು ಅಲ್ಲೇ ಇತ್ತು. ಬಿಸಿ ಅನ್ನವನ್ನು ಮುಚ್ಚಿದರೆ ಹಬೆ ಹೊರಗೆ ಹೋಗುವುದಿಲ್ಲ. ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಅನ್ನದ ಮೇಲೇ ಬೀಳುತ್ತದೆ. ಒತ್ತಿ ತುಂಬಿದ್ದರಿಂದ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇತ್ತು. ಟವೆಲ್ ಸುತ್ತಿ ನಾನೇ ಅದನ್ನು ಇನ್ನಷ್ಟು ಹೊತ್ತು ಬೆಚ್ಚಗಿಟ್ಟೆ. ಅಕ್ಕಿಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಬ್ಯಾಸಿಲಸ್ ಸೀರಿಯಸ್ ಅಂತ ಹೆಸರು. ಅದರ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ, ಒದ್ದೆ ಜಾಗ ಸಿಕ್ಕರೆ ಬೆಳೆದು ವಿಷ ಬಿಡುತ್ತವೆ. ಅದಕ್ಕೆ ನಾನು ಕೊಟ್ಟಿದ್ದು 17 ಗಂಟೆ. ಹಸಿ ತೆಂಗಿನಕಾಯಿಯಂತೂ ಮೊದಲೇ ಬೇಗ ಕೆಡುವ ವಸ್ತು.

ಸ್ಟವ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನನ್ನ ಸ್ನೇಹಿತರು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ವಿಷ ಒಮ್ಮೆ ಹುಟ್ಟಿದರೆ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸ್ಟವ್ ಇದ್ದಿದ್ದರೆ ಅದೇ ಚಿತ್ರಾನ್ನವನ್ನು ಬಿಸಿ ಮಾಡಿ, ಧೈರ್ಯವಾಗಿ ಇನ್ನೂ ಜಾಸ್ತಿ ತಿನ್ನುತ್ತಿದ್ದೆವು. ಅಲ್ಲೇ ಹೊಸದಾಗಿ ಬೇಯಿಸುತ್ತೇವೆ ಅಂತೀರಾ? ಅಕ್ಕಿ, ಪಾತ್ರೆ, ಗ್ಯಾಸ್ ಹೊತ್ತು 1,712 ಮೀಟರ್ ಬೆಟ್ಟ ಹತ್ತಬೇಕು. ಬೇಯಿಸಲು, ತೊಳೆಯಲು ಕುಡಿಯುವ ನೀರನ್ನೇ ಖರ್ಚು ಮಾಡಬೇಕು. ಅದು ಪುಷ್ಪಗಿರಿ ವನ್ಯಜೀವಿ ಧಾಮ ಬೇರೆ. ಒಣಹುಲ್ಲಿನ ಕಾಲದಲ್ಲಿ ಒಂದು ಕಿಡಿ ಸಾಕು. ದಯವಿಟ್ಟು ಸ್ಟವ್ ಆಸೆ ಬಿಟ್ಟುಬಿಡಿ.

ಆಮೇಲೆ ಎಷ್ಟೋ ಬೆಟ್ಟ ಹತ್ತಿದ್ದೇನೆ. ಒಯ್ಯುವುದು ಹೆಚ್ಚುಕಡಿಮೆ ಒಂದೇ ಥರ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಆದ್ದರಿಂದ ಬೇಗ ಕೆಡುವ ಭಯವಿಲ್ಲ. ಬ್ಯಾಗಿನಲ್ಲಿ ಮುರಿದು ಚೂರಾದರೂ ಚಟ್ನಿಪುಡಿಗೆ ಎಣ್ಣೆ ಕಲಸಿ ತಿನ್ನಬಹುದು. ಬೆಳಗ್ಗೆಗೆ ಪೇಪರ್ ಅವಲಕ್ಕಿ. ಅದನ್ನು ಗರಿಗರಿಯಾಗುವವರೆಗೆ ಹುರಿದು, ಕಡಲೆಬೀಜ, ಹುರಿಗಡಲೆ, ಒಣಕೊಬ್ಬರಿ ಚೂರು ಹಾಕಿ ಒಗ್ಗರಣೆ ಕೊಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಹಸಿಕಾಯಿ ಬೇಡವೇ ಬೇಡ. ನಡುನಡುವೆ ಬಾಯಿಗೆ ಹಾಕಿಕೊಳ್ಳಲು ಚಿಕ್ಕಿ. ಓಆರ್‌ಎಸ್ ಪೊಟ್ಟಣ ತಲೆಗೆ ಎರಡಾದರೂ ಇರಲಿ, ಸಣ್ಣ ಡಬ್ಬಿಯಲ್ಲಿ ಉಪ್ಪು ಇರಲಿ. ಬಾಟಲಿ ತಲೆಗೆ ಮೂರು ಲೀಟರ್‌ನದ್ದು, ಗಿರಿಗದ್ದೆಯಲ್ಲಿ ತುಂಬಿಕೊಂಡೇ ಮೇಲೆ ಹೊರಡಿ. ಬೇಸಿಗೆ ಹತ್ತಿರ ಬಂದ ಹಾಗೆ ದಾರಿಯ ತೊರೆಗಳು ಬತ್ತುತ್ತವೆ. ಬಿಸಿ ಊಟ ಬೇಕೆನಿಸಿದರೆ ಭಟ್ಟರ ಮನೆಯಲ್ಲಿ ಈಗಲೂ ಊಟ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ, ಸಿಕ್ಕರೆ ಅಲ್ಲೇ ಊಟ ಮಾಡಿ.

ಇಷ್ಟಾದರೂ ಮನೆಯ ಅನ್ನವೇ ಬೇಕು ಅಂದರೆ ಪುಳಿಯೋಗರೆ ಮಾಡಿ. ಹುಣಸೆಹಣ್ಣು, ಎಣ್ಣೆ ಇರುವುದರಿಂದ ಚಿತ್ರಾನ್ನಕ್ಕಿಂತ ತಾಳುತ್ತದೆ. ಆದರೆ ಅನ್ನವನ್ನು ಅಗಲದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫ್ಯಾನ್ ಕೆಳಗಿಟ್ಟು ಆರಿಸಿ. ಅಂಗೈ ಇಟ್ಟು ನೋಡಿ, ಒಂಚೂರೂ ಬಿಸಿ ತಾಗಬಾರದು. ಆಮೇಲೆ ಗೊಜ್ಜು ಕಲಸಿ ಬಾಳೆಎಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಕಟ್ಟಿ. ಅದನ್ನೂ ಬೆಟ್ಟಕ್ಕೆ ಒಯ್ಯಬೇಡಿ. ರಾತ್ರಿ ಬಸ್ ಹತ್ತುವ ಮುಂಚೆ ನಿಲ್ದಾಣದಲ್ಲೇ ಕೂತು ತಿಂದು ಮುಗಿಸಿ.