ರಿಪೋರ್ಟಿನಲ್ಲಿರುವ ‘ಶೇ 26 ಹೆಚ್ಚು’ ಎಂಬುದರ ಅರ್ಥವೇನು?

ಎಂಜಲಿನ ಮಾದರಿ ಕಳಿಸಿ ಮಾಡಿಸಿದ ಪರೀಕ್ಷೆಯಲ್ಲಿ ಎಫ್‌ಜಿಎಫ್‌ಆರ್2 ಎಂಬ ವಂಶವಾಹಿಯ ರೂಪಾಂತರದ (ಡಿಎನ್‌ಎಯ ಒಂದು ಅಕ್ಷರದ ಬದಲಾವಣೆಯ) ಒಂದು ಪ್ರತಿ, ಎಂದರೆ ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದದ್ದು, ಸಿಕ್ಕಿದೆ, ‘ಸ್ತನ ಕ್ಯಾನ್ಸರ್ ಅಪಾಯ ಶೇ 26 ಹೆಚ್ಚು’ ಎಂದು ಬರೆದಿದ್ದಾರೆ, ಹಾಗಾದರೆ ನಾಲ್ಕರಲ್ಲಿ ಒಂದು ಪಾಲು ನನಗೆ ಕ್ಯಾನ್ಸರ್ ಬರುತ್ತದೆಯೇ, ಮಗಳ ಮದುವೆ ಮಾತುಕತೆಯಲ್ಲಿ ಇದನ್ನು ಹೇಳಬೇಕೇ ಎಂದು ನೀವು ಚಿತ್ರದುರ್ಗದಿಂದ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಜೀವಶಾಸ್ತ್ರ ಕಲಿಸುವವಳು, ವೈದ್ಯೆಯಲ್ಲ. ಆದರೆ ಆ ಸಂಖ್ಯೆಯನ್ನು ನೀವು ಓದಿಕೊಂಡ ರೀತಿ ತಪ್ಪು ಎಂಬುದನ್ನು ಖಚಿತವಾಗಿ ಹೇಳಬಲ್ಲೆ.

ನಮ್ಮ ದೇಶದಲ್ಲಿ ಸುಮಾರು 28 ಮಹಿಳೆಯರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುತ್ತದೆ ಎಂಬ ಅಂದಾಜಿದೆ. ಎಂದರೆ ಸಾವಿರ ಮಂದಿಯಲ್ಲಿ 35ರ ಆಸುಪಾಸು. ‘ಶೇ 26 ಹೆಚ್ಚು’ ಎನ್ನುವುದು ಆ 35ರ ಮೇಲಿನ ಹೆಚ್ಚಳ. ಹಾಗೆ ಲೆಕ್ಕ ಹಾಕಿದರೆ ಒಂದು ಪ್ರತಿ ಇರುವ ಸಾವಿರ ಮಂದಿಯಲ್ಲಿ 44 ಜನರಿಗೆ ಬರಬಹುದು, ಉಳಿದ 956 ಮಂದಿಗೆ ಬರುವುದಿಲ್ಲ. ಇದು ಒರಟು ಲೆಕ್ಕವೇ ಸರಿ, ಆದರೂ ನೀವು ಓದಿಕೊಂಡಂತೆ ಸಾವಿರಕ್ಕೆ 260 ಎಲ್ಲಿ, 44 ಎಲ್ಲಿ! ಈ ವ್ಯತ್ಯಾಸವನ್ನು ರಿಪೋರ್ಟಿನಲ್ಲಿಯೇ ಎರಡು ಸಾಲು ಬರೆದು ತಿಳಿಸಿದ್ದರೆ ನಿಮ್ಮ ನಿದ್ದೆ ಕೆಡುತ್ತಿರಲಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಾಗೆಂದು ಆ ರೂಪಾಂತರ ಸುಳ್ಳಲ್ಲ. ಸಾವಿರಾರು ಮಹಿಳೆಯರ ಡಿಎನ್‌ಎ ಹೋಲಿಸಿ ನಡೆಸಿದ ಅಧ್ಯಯನಗಳು 2007ರಲ್ಲಿ ಇದನ್ನು ಗುರುತಿಸಿದವು, ಮುಂದೆ ಬೇರೆ ಬೇರೆ ಜನಸಮುದಾಯಗಳಲ್ಲಿಯೂ ಅದು ದೃಢಪಟ್ಟಿತು. ಹತ್ತನೆಯ ವರ್ಣತಂತುವಿನಲ್ಲಿರುವ ಈ ಒಂದು ಅಕ್ಷರದ ಬದಲಾವಣೆ ಪ್ರೋಟೀನಿನ ರಚನೆಯನ್ನು ಕೆಡಿಸುವುದಿಲ್ಲ. ಆ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂಬುದರಲ್ಲಿ ತುಸು ಏರುಪೇರು ಮಾಡುತ್ತದೆ ಎಂದು ತಿಳಿಯಲಾಗಿದೆ. ಯುರೋಪ್ ಮೂಲದ ಹತ್ತು ಜನರಲ್ಲಿ ಆರು ಮಂದಿ ಇದರ ಕನಿಷ್ಠ ಒಂದು ಪ್ರತಿಯನ್ನು ಹೊತ್ತಿರುತ್ತಾರೆ, ನಮ್ಮಲ್ಲಿಯೂ ಇದು ಅಪರೂಪವಲ್ಲ. ಇಂಥ ಸಣ್ಣ ಸಣ್ಣ ಪ್ರಭಾವದ ರೂಪಾಂತರಗಳು ನೂರಕ್ಕೂ ಹೆಚ್ಚು ಪತ್ತೆಯಾಗಿರುವಾಗ, ಅವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಒಬ್ಬರ ಭವಿಷ್ಯ ಹೇಳಲಾಗದು.

ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ವಂಶವಾಹಿಗಳ ದೋಷ ಬೇರೆಯೇ ಸಂಗತಿ. ಅದು ವಿರಳ, ಆದರೆ ಇದ್ದವರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 70ರಷ್ಟಿದೆ. ಎಂಜಲಿನ ಪರೀಕ್ಷೆಗಳಲ್ಲಿ ಹಲವು ಇವೆರಡನ್ನು ಪೂರ್ತಿಯಾಗಿ ಓದುವುದೇ ಇಲ್ಲ. ಆದ್ದರಿಂದ ರಿಪೋರ್ಟನ್ನು ಬದಿಗಿಟ್ಟು ಒಂದು ಹಾಳೆಯಲ್ಲಿ ಮನೆತನದ ಹೆಂಗಸರ ಹೆಸರುಗಳನ್ನು ಬರೆಯಿರಿ. ನಿಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಬಂದಿತ್ತು ಎಂದು ಬರೆದಿದ್ದೀರಿ, ಅದು ಕಂಡಾಗ ಅವರ ವಯಸ್ಸೆಷ್ಟು, ಐವತ್ತರ ಒಳಗೆಯೇ? ಎರಡೂ ಸ್ತನಗಳಲ್ಲಿತ್ತೇ? ಯಾರಿಗಾದರೂ ಅಂಡಾಶಯದ ಕ್ಯಾನ್ಸರ್, ಗಂಡಸರಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತೇ? ತಂದೆಯ ಅಕ್ಕತಂಗಿಯರನ್ನು ಬಿಡಬೇಡಿ. ಈ ದೋಷ ತಂದೆಯಿಂದಲೂ ಬರುತ್ತದೆ, ನಾವು ತವರಿನ ಮಾತು ಬಂದಾಗ ತಾಯಿಯ ಕಡೆಯನ್ನಷ್ಟೇ ಎಣಿಸುತ್ತೇವೆ. ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಆ ಹಾಳೆಯೊಂದಿಗೆ ಕ್ಯಾನ್ಸರ್ ತಜ್ಞರನ್ನು ಕಾಣಿರಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೊಳಲ್ಕೆರೆ ಕಡೆಯ ನಮ್ಮ ಚಿಕ್ಕಮ್ಮನಿಗೆ ಸ್ನಾನ ಮಾಡುವಾಗ ಹುಣಸೆ ಬೀಜದಷ್ಟು ಗಂಟೊಂದು ಕೈಗೆ ತಾಗಿತ್ತು. ನೋವಿಲ್ಲ, ವಂಶದಲ್ಲಿ ಯಾರಿಗೂ ಇಲ್ಲ ಎಂದು ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಕಂಕುಳಲ್ಲೂ ಗಂಟು ಕೈಗೆ ಸಿಗುತ್ತಿತ್ತು. ಸ್ತನ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿಯ ಹತ್ತಿರದ ಸಂಬಂಧಿಕರಲ್ಲಿ ಅದು ಇರುವುದಿಲ್ಲ, ಮೊದಮೊದಲು ಗಂಟು ನೋಯುವುದೂ ಅಪರೂಪ. ಹಾಗಾಗಿ ರಿಪೋರ್ಟಿನಲ್ಲಿ ಏನೇ ಇರಲಿ, ಹೊಸದಾಗಿ ಗಂಟು, ಚರ್ಮ ಒಳಸೆಳೆದ ಗುರುತು ಅಥವಾ ತೊಟ್ಟಿನಿಂದ ರಕ್ತ ಕಂಡರೆ ತಡಮಾಡದೆ ತೋರಿಸಿಕೊಳ್ಳಿ.

ಮದುವೆ ಮಾತುಕತೆಯಲ್ಲಿ ಈ ರೂಪಾಂತರವನ್ನು ಎತ್ತುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮಿಂದ ಮಗಳಿಗೆ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬೀಗರಾಗುವವರ ಮನೆಯಲ್ಲಿಯೂ ಯಾರಾದರೊಬ್ಬರು ಇದೇ ಅಕ್ಷರವನ್ನು ಹೊತ್ತಿರುವ ಸಾಧ್ಯತೆ ಸಣ್ಣದೇನಲ್ಲ.