ಒಳಗೆ ಬಿಟ್ಟರಲ್ಲ, ಮೇಡಂ

ದಸರಾ ರಜೆ, ಬೇಸಿಗೆ ರಜೆ ಮುಗಿದು ಎರಡು-ಮೂರು ವಾರವಾಯಿತೆಂದರೆ ಮಕ್ಕಳ ಆಪ್ತಸಮಾಲೋಚನೆ ಮಾಡುವ ನನ್ನ ಬಳಿಗೆ ಒಂದೇ ನಮೂನೆಯ ದೂರು ಬರಲು ಶುರುವಾಗುತ್ತದೆ. ಮಗು ರಾತ್ರಿ ಒಂಟಿಯಾಗಿ ಬಚ್ಚಲಿಗೆ ಹೋಗುವುದಿಲ್ಲ, ಲೈಟ್ ಆರಿಸಲು ಬಿಡುವುದಿಲ್ಲ, ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಬಂದಿದೆ. ವಿಚಾರಿಸುತ್ತ ಹೋದರೆ ರಜೆಯಲ್ಲಿ ನೋಡಿದ ಒಂದು ಹೊಡೆದಾಟದ ಸಿನಿಮಾ ಸಿಗುತ್ತದೆ. ಅದಕ್ಕೆ ಸೆನ್ಸಾರ್ ಮಂಡಳಿಯ ಯಾವ ಸರ್ಟಿಫಿಕೇಟ್ ಇತ್ತು ಎಂದು ಕೇಳಿದರೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ನೋಡ್ಲಿಲ್ಲ. ಒಳಗೆ ಬಿಟ್ಟರಲ್ಲ, ಮೇಡಂ.’

ಈ ಪ್ರಕರಣವನ್ನು ಬರೆಯಲು ಆ ಮಾತೇ ಕಾರಣ. ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ತಂದೆಯ ಉದ್ಯೋಗವನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಅದನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ.

ಹುಡುಗನಿಗೆ ಏಳೂವರೆ ವರ್ಷ, ಎರಡನೇ ತರಗತಿ. ತಂದೆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ, ವಾರ ಬಿಟ್ಟು ವಾರ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರ ಪಾಳಿ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅಜ್ಜಿ ಜೊತೆಗಿದ್ದಾರೆ. ದೊಡ್ಡಪ್ಪನ ಮಗ, ಹದಿನಾಲ್ಕರವನು, ಹಟ ಹಿಡಿದದ್ದಕ್ಕೆ ಎಲ್ಲರೂ ಸೇರಿ ಒಂದು ಸಾಹಸ ಚಿತ್ರಕ್ಕೆ ಹೋಗಿದ್ದರು: ನಿಧಿ, ಕೋಟೆ, ಕಾಡು, ಮೊಸಳೆ, ಕೊನೆಗೆ ಇಪ್ಪತ್ತು ನಿಮಿಷದ ಫೈಟು. ಹುಡುಗ ಅಳಲಿಲ್ಲ, ಕಣ್ಣು ಮುಚ್ಚಿಕೊಳ್ಳಲಿಲ್ಲ, ಪಾಪ್‌ಕಾರ್ನ್ ಪೂರ್ತಿ ತಿಂದ. ನಾಲ್ಕು ದಿನ ಬಿಟ್ಟು ತಂದೆ ರಾತ್ರಿ ಪಾಳಿಗೆ ಹೊರಟಾಗ ಕಾಲು ಕಟ್ಟಿಕೊಂಡು ಕಿರುಚಿದ. ಅಲ್ಲಿಂದ ಪ್ರತಿ ರಾತ್ರಿ ಪಾಳಿಗೂ ಇದೇ ಪಾಡು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೂರುವುದು, ಅಪ್ಪನಿಗೆ ಫೋನ್ ಮಾಡಿಸುವುದು. ಅಜ್ಜಿ ದೃಷ್ಟಿ ತೆಗೆದರು, ದರ್ಗಾದಲ್ಲಿ ಊದಿಸಿದರು, ಕೈಗೆ ಅಂತ್ರ ಬಂತು.

ನಾಲ್ಕು ಗಂಟೆ ಎಂಬ ವಿವರವನ್ನು ನಾನು ಕೇಳಿ ಬರೆದುಕೊಂಡದ್ದಕ್ಕೆ ಕಾರಣವಿದೆ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಮಗು ಕಣ್ಣು ತೆರೆದೇ ಕಿರುಚಿ, ಯಾರನ್ನೂ ಗುರುತಿಸದೆ, ಬೆಳಿಗ್ಗೆ ಅದನ್ನು ಮರೆತಿದ್ದರೆ ಅದು ನಿದ್ದೆಯೊಳಗಿನ ದಿಗಿಲು. ಅದಕ್ಕೂ ಸಿನಿಮಾಕ್ಕೂ ಬಹಳ ಸಲ ಸಂಬಂಧ ಇರುವುದಿಲ್ಲ. ಆಗ ಮಗುವನ್ನು ಎಬ್ಬಿಸಲೂ ಬಾರದು, ಬೀಳದಂತೆ ನೋಡಿಕೊಂಡರೆ ಸಾಕು. ರಾತ್ರಿಯ ಎರಡನೇ ಅರ್ಧದಲ್ಲಿ ಪೂರ್ತಿ ಎಚ್ಚರಾಗಿ, ಕಂಡದ್ದನ್ನು ಹೇಳಬಲ್ಲ ಮಗುವಿಗೆ ಬಿದ್ದದ್ದು ಕೆಟ್ಟ ಕನಸು. ಇವನದು ಎರಡನೆಯ ಬಗೆ. ಆದರೆ ಕನಸಿನಲ್ಲಿ ಏನು ಕಂಡ ಎಂಬುದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಮನೆಯವರೆಲ್ಲ ಮೊಸಳೆಯ ದೃಶ್ಯವೇ ಕಾರಣ ಎಂದು ತೀರ್ಮಾನಿಸಿದ್ದರು. ಅಣ್ಣ ಮೊಬೈಲಿನಲ್ಲಿ ಅದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿ ‘ನೋಡು, ಗ್ರಾಫಿಕ್ಸು’ ಎಂದು ಧೈರ್ಯ ಹೇಳಿದ್ದ. ಹುಡುಗ ಮೊಸಳೆಯನ್ನು ನೋಡಿ ನಕ್ಕಿದ್ದ. ಅಲ್ಲಿಗೆ ಯಾರಿಗೂ ದಾರಿ ತೋಚಲಿಲ್ಲ.

ಎರಡನೇ ಭೇಟಿಯಲ್ಲಿ ಕಾಗದ, ಬಣ್ಣದ ಪೆನ್ಸಿಲ್ ಕೊಟ್ಟು ‘ಸಿನಿಮಾದಲ್ಲಿ ನಿನಗೆ ತುಂಬ ನೆನಪಿರೋದು ಬರಿ’ ಎಂದೆ. ಭಯವಾದದ್ದನ್ನು ಬರಿ ಎನ್ನಲಿಲ್ಲ. ಈ ವಯಸ್ಸಿನ ಗಂಡುಮಕ್ಕಳು ಭಯ ಎಂಬ ಪದ ಕಿವಿಗೆ ಬಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವನು ಬರೆದದ್ದು ಮೊಸಳೆಯಲ್ಲ, ಕೋಟೆಯಲ್ಲ. ಒಂದು ದೊಡ್ಡ ಗೇಟು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಟೋಪಿ ಹಾಕಿದ ಒಬ್ಬ ಮನುಷ್ಯ, ತೊಡೆಯ ಮೇಲೆ ಮೂರು ಸುತ್ತಿನ ಏನೋ ಒಂದು.

‘ಇದು ಯಾರು?’

‘ಗೇಟ್ ಅಂಕಲ್.’

‘ತೊಡೆ ಮೇಲೇನಿದೆ?’

‘ಡಬ್ಬಿ. ಊಟ ಮಾಡೋಕೆ ಬಿಚ್ತಾ ಇದ್ರು. ಹೀರೋ ಹಿಂದಿಂದ ಬಂದು ಕತ್ತು ತಿರುಗಿಸಿಬಿಟ್ಟ.’ ಸ್ವಲ್ಪ ಹೊತ್ತು ಟೋಪಿಗೆ ಬಣ್ಣ ತುಂಬಿದ. ‘ಆ ಅಂಕಲ್ ಏನೂ ಮಾಡಿರಲಿಲ್ಲ. ಎಲ್ಲರೂ ವಿಷಲ್ ಹೊಡೆದ್ರು. ಅಪ್ಪಾನೂ ಹೊಡೆದ್ರು.’

ತಾಯಿ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದವರು ಸೆರಗು ಬಾಯಿಗೆ ಒತ್ತಿಕೊಂಡರು. ತಂದೆ ಮಾತ್ರ, ‘ಯಾವ ಸೀನು? ನಂಗೆ ನೆನಪೇ ಇಲ್ವಲ್ಲ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಚಿತ್ರ ಹಾಕಿ ನೋಡಿದೆ. ಆ ದೃಶ್ಯ ಐದು ಸೆಕೆಂಡೂ ಇಲ್ಲ. ರಕ್ತದ ಹನಿಯಿಲ್ಲ. ನಾಯಕ ನಿಧಿಯಿರುವ ಜಾಗಕ್ಕೆ ನುಗ್ಗುವಾಗ ದಾರಿಗೆ ಅಡ್ಡ ಇದ್ದ, ಹೆಸರಿಲ್ಲದ, ಮಾತಿಲ್ಲದ ಒಬ್ಬ ಕಾವಲುಗಾರ. ದೊಡ್ಡವರಿಗೆ ಅವನು ಮನುಷ್ಯನೇ ಅಲ್ಲ, ಬಾಗಿಲ ಚಿಲಕವಿದ್ದಂತೆ. ದಿನಾ ಟೋಪಿ ಹಾಕಿಕೊಂಡು ಡಬ್ಬಿ ಹಿಡಿದು ಹೊರಡುವವನ ಮಗನಿಗೆ ಆ ಮೂರು ಗಂಟೆಯ ಚಿತ್ರದಲ್ಲಿ ಪರಿಚಯದವನೆಂದು ಇದ್ದದ್ದು ಅವನೊಬ್ಬನೇ.

ಹಾಗೆಂದು ಇದೊಂದು ಅಪರೂಪದ ಕಾಕತಾಳೀಯ ಎಂದು ತಳ್ಳಿಹಾಕುವಂತಿಲ್ಲ. ಮಕ್ಕಳು ಪರದೆಯ ಮೇಲೆ ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಸುಮಾರು ಏಳು ವರ್ಷದವರೆಗೆ ಮಕ್ಕಳು ಹೆದರುವುದು ನೋಟಕ್ಕೆ: ವಿಕಾರ ಮುಖ, ಇದ್ದಕ್ಕಿದ್ದಂತೆ ರೂಪ ಬದಲಿಸುವ ಮನುಷ್ಯ, ಹಲ್ಲು. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಲೆಕ್ಕಕ್ಕಿಲ್ಲ. ಆ ವಯಸ್ಸಿಗೆ ‘ಅದೆಲ್ಲ ಸುಳ್ಳು’ ಎಂಬ ಮಾತು ನಾಟುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಹೊರಗೆ ಕರೆದೊಯ್ದು ನೀರು ಕುಡಿಸುವುದು ಕೆಲಸ ಮಾಡುತ್ತದೆ. ಏಳೆಂಟು ದಾಟಿದ ಮೇಲೆ ಭಯ ತಿರುಗಿಕೊಳ್ಳುತ್ತದೆ. ಭೂತ, ಮೊಸಳೆ ತಮಾಷೆಯಾಗಿ, ‘ಇದು ನಮ್ಮನೆಗೂ ಆಗಬಹುದು’ ಎನಿಸಿದ್ದು ಒಳಗೆ ಕೂರುತ್ತದೆ. ಈ ಹುಡುಗ ಸರಿಯಾಗಿ ಆ ಹೊಸ್ತಿಲಲ್ಲಿದ್ದ. ತಂದೆ-ತಾಯಿ ರಕ್ತ ಎಷ್ಟಿದೆ, ದೆವ್ವ ಇದೆಯೇ ಎಂದಷ್ಟೇ ನೋಡಿ ಕರೆದೊಯ್ಯುವಾಗ ತಪ್ಪುವುದು ಇಲ್ಲೇ.

ಇನ್ನು ಆ ‘ಒಳಗೆ ಬಿಟ್ಟರಲ್ಲ’ ಎಂಬ ಮಾತು. ಟಿಕೆಟ್ ಇನ್ನೂ ಮೊಬೈಲಿನಲ್ಲೇ ಇತ್ತು, ತೆಗೆದು ತೋರಿಸಿ ಎಂದೆ. ಚಿತ್ರದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಯು/ಎ 16+’ ಎಂದಿತ್ತು. ತಂದೆ ಅದನ್ನು ಸೀಟಿನ ನಂಬರಿನ ಭಾಗ ಎಂದುಕೊಂಡಿದ್ದರಂತೆ. ನಗಬೇಡಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ನನ್ನ ಮುಂದೆ ಇದೇ ತಪ್ಪು ಮಾಡಿದ್ದಾರೆ. ಯು ಎಂದರೆ ಎಲ್ಲರಿಗೂ, ಎ ಎಂದರೆ 18 ತುಂಬಿದವರಿಗೆ ಮಾತ್ರ. ನಡುವಿನ ಯು/ಎ ಶುರುವಾದದ್ದು 1983ರಲ್ಲಿ. ಬಹಳ ಕಾಲ ಅದಕ್ಕೆ ಮಕ್ಕಳ ವಯಸ್ಸು 12 ಎಂದು ಒಂದೇ ಗೆರೆ ಇತ್ತು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ ಅದನ್ನು 7+, 13+, 16+ ಎಂದು ಮೂರಾಗಿ ಸೀಳಿತು. ಗಮನಿಸಬೇಕಾದದ್ದು ಇಷ್ಟು: ‘ಎ’ ಚಿತ್ರಕ್ಕೆ ಮಕ್ಕಳನ್ನು ಬಿಟ್ಟರೆ ಥಿಯೇಟರಿನವರದ್ದು ತಪ್ಪು. ಯು/ಎ ಚಿತ್ರದ ವಯಸ್ಸಿನ ಗುರುತು ಗೇಟಿನವನಿಗಲ್ಲ, ಪೋಷಕರಿಗೆ ಕೊಟ್ಟ ಸೂಚನೆ. ಯಾರೂ ತಡೆಯುವುದಿಲ್ಲ, ತಡೆಯುವ ಅಧಿಕಾರವೂ ಇಲ್ಲ. ತಡೆಯಬೇಕಾದವರು ಟಿಕೆಟ್ ತೆಗೆದವರೇ.

ಸಾಹಸ ಚಿತ್ರಗಳು ಈ ಗೊಂದಲದ ನಡುವೆ ಬೀಳುವುದು ಹೊಸದಲ್ಲ. 1984ರಲ್ಲಿ ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಚಿತ್ರದಲ್ಲಿ ಎದೆ ಬಗೆದು ಹೃದಯ ಕೀಳುವ ದೃಶ್ಯ ನೋಡಿ ಅಮೆರಿಕದ ತಂದೆ-ತಾಯಂದಿರು ಗಲಾಟೆ ಮಾಡಿದರು. ಅದೇ ವರ್ಷ ಅಲ್ಲಿ, 13ಕ್ಕಿಂತ ಚಿಕ್ಕವರ ಪೋಷಕರನ್ನು ಎಚ್ಚರಿಸುವ ಪಿಜಿ-13 ಎಂಬ ಹೊಸ ದರ್ಜೆ ಬಂತು. ವಿದೇಶಿ ಚಿತ್ರದ ಪೋಸ್ಟರಿನಲ್ಲಿ ಅದನ್ನು ಕಂಡು ನಮ್ಮ ಲೆಕ್ಕ ಹಾಕಬೇಡಿ, ನಮ್ಮ ಸೆನ್ಸಾರ್ ಮಂಡಳಿಯ ಗುರುತೇ ಬೇರೆ ಇರುತ್ತದೆ. ಓಟಿಟಿಯಲ್ಲಾದರೆ ಚಿತ್ರ ಶುರುವಾಗುವಾಗ ವಯಸ್ಸಿನ ಜೊತೆ ‘ಹಿಂಸೆ’, ‘ಬೈಗುಳ’ ಎಂದು ಕಾರಣವೂ ಬರುತ್ತದೆ. 2021ರ ನಿಯಮದಂತೆ 13+ ಮತ್ತು ಮೇಲಿನದಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಲೇಬೇಕು. ಹಾಕಿಟ್ಟ ಮನೆ ನಾನು ಕಂಡದ್ದು ಕಡಿಮೆ.

ಆದರೂ ಗುರುತು ಹೇಳುವುದು ಚಿತ್ರದ ಬಗ್ಗೆ, ನಿಮ್ಮ ಮಗುವಿನ ಬಗ್ಗೆ ಅಲ್ಲ. ಹಾಗಾಗಿ ಮನೆಯವರೊಬ್ಬರು ಮೊದಲು ನೋಡಬೇಕು, ಆಗದಿದ್ದರೆ ನೋಡಿದವರನ್ನು ಕೇಳಬೇಕು. ‘ಮಕ್ಕಳು ನೋಡಬಹುದಾ?’ ಎಂದು ಕೇಳಿದರೆ ‘ಧಾರಾಳವಾಗಿ’ ಎನ್ನುತ್ತಾರೆ, ಉಪಯೋಗವಿಲ್ಲ. ಮೊದಲ ಹತ್ತು ನಿಮಿಷದಲ್ಲಿ ಯಾರು ಸಾಯುತ್ತಾರೆ ಎಂದು ಕೇಳಿ. ಸಾಹಸ ಕಥೆಗಳಲ್ಲಿ ನಾಯಕನ ಅಪ್ಪ-ಅಮ್ಮ ಸಾಯುವುದು ಬಹಳ ಸಲ ಅಲ್ಲೇ, ಮಗು ಇನ್ನೂ ಸೀಟಿಗೆ ಹೊಂದಿಕೊಂಡಿರುವುದಿಲ್ಲ. ಮಗುವನ್ನು ಅಪಹರಿಸುತ್ತಾರಾ, ನಾಯಿಗೋ ಹಸುವಿಗೋ ಪೆಟ್ಟಾಗುತ್ತದಾ, ಹೊಡೆದಾಟ ಮನೆಯೊಳಗೆ ನಡೆಯುತ್ತದಾ ಕಾಡಿನಲ್ಲಾ, ಜನ ನಗುವುದು ಯಾರು ಬಿದ್ದಾಗ? ಕಾಡಿನಲ್ಲಿ ನೂರು ಜನ ಬಿದ್ದದ್ದಕ್ಕಿಂತ ಅಡುಗೆಮನೆಗೆ ಒಬ್ಬ ನುಗ್ಗಿದ್ದು ಮಗುವಿಗೆ ಭಾರ. ಆಮೇಲೆ ಆ ಉತ್ತರಗಳನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ: ಇತ್ತೀಚೆಗೆ ತಾತ ತೀರಿಕೊಂಡಿದ್ದಾರಾ, ಅಪ್ಪ ಲಾರಿ ಓಡಿಸುತ್ತಾರಾ, ಪೊಲೀಸಾ, ಮನೆಯಲ್ಲಿ ಜಗಳವಿದೆಯಾ. ಟ್ರೇಲರ್ ನೋಡಿ ನಿರ್ಧರಿಸಬೇಡಿ, ಅದಕ್ಕೆ ಬೇರೆಯೇ ಸರ್ಟಿಫಿಕೇಟ್ ಇರುತ್ತದೆ.

ಹೋಗುವುದೇ ಆದರೆ ಮಾರ್ನಿಂಗ್ ಶೋ ಇಲ್ಲವೇ ಮ್ಯಾಟ್ನಿಗೆ ಹೋಗಿ, ಮಲಗುವ ಮುಂಚೆ ನಾಲ್ಕು ಗಂಟೆಯಾದರೂ ಆಡಿ ಮಾತಾಡಲು ಸಿಗಲಿ. ಹಿಂದಿನ ಸಾಲು, ನಡೆಯುವ ದಾರಿಯ ಪಕ್ಕದ ಸೀಟು. ಕೈಯನ್ನು ಎರಡು ಸಲ ಹಿಸುಕಿದರೆ ಹೊರಗೆ ಹೋಗೋಣ ಎಂದು ಮೊದಲೇ ಗುಟ್ಟು ಮಾಡಿಕೊಳ್ಳಿ. ಹಿಸುಕಿದ ತಕ್ಷಣ ಏಳಬೇಕು, ‘ಇಂಟರ್ವಲ್ ಬರಲಿ’ ಎನ್ನಬಾರದು. ಮಗು ಕಣ್ಣು ಮುಚ್ಚಿಕೊಂಡರೆ ಅದರ ಕಿವಿ ಮುಚ್ಚಿ. ಚಿತ್ರ ಕಾಣದಿದ್ದಾಗ ಸದ್ದೊಂದೇ ಕೇಳಿದರೆ ಮಗು ತಾನೇ ಇನ್ನೂ ಘೋರವಾದದ್ದನ್ನು ಕಟ್ಟಿಕೊಳ್ಳುತ್ತದೆ.

ಈ ಮನೆಗೆ ಹೇಳಿದ್ದು ಬೇರೆ. ದೃಶ್ಯವನ್ನು ಮತ್ತೆ ತೋರಿಸುವುದು ಅಂದಿನಿಂದಲೇ ಬಂದ್. ತಂದೆ ಒಂದು ಭಾನುವಾರ ಹಗಲಲ್ಲಿ ಮಗನನ್ನು ಗೇಟಿಗೆ ಕರೆದೊಯ್ಯಬೇಕು: ರಾತ್ರಿ ಎಷ್ಟು ಜನ ಇರುತ್ತಾರೆ, ಸೈರನ್ ಎಲ್ಲಿದೆ, ರಿಜಿಸ್ಟರ್‌ನಲ್ಲಿ ಏನು ಬರೆಯುತ್ತಾರೆ, ಡಬ್ಬಿ ಎಲ್ಲಿ ಕೂತು ತಿನ್ನುತ್ತಾರೆ. ರಾತ್ರಿ ಪಾಳಿಯ ದಿನ ಎಂಟೂವರೆಗೆ ಒಂದೇ ಫೋನು, ನಾಲ್ಕು ಗಂಟೆಗೆ ಇಲ್ಲ. ನಾಲ್ಕಕ್ಕೂ ಮಾಡುತ್ತ ಹೋದರೆ ಅಪ್ಪ ಬದುಕಿದ್ದಾನಾ ಎಂದು ಪ್ರತಿ ರಾತ್ರಿ ಪರೀಕ್ಷಿಸಬೇಕಾದ ವಿಷಯ ಅದು ಎಂದು ಮಗು ಕಲಿಯುತ್ತದೆ. ಕತ್ತಿನ ಸದ್ದು ಹೇಗೆ ಮಾಡುತ್ತಾರೆಂದು ತೋರಿಸಲು ಒದ್ದೆ ಬಟ್ಟೆಯಲ್ಲಿ ಸುತ್ತಿದ ಕ್ಯಾರೆಟ್ ಮುರಿಯಲು ಹೇಳಿದೆ. ಸ್ಟುಡಿಯೋಗಳಲ್ಲಿ ಮೂಳೆ ಮುರಿದ ಸದ್ದಿಗೆ ಇಂಥ ತರಕಾರಿಗಳನ್ನೇ ಮುರಿಯುತ್ತಾರೆ. ಏಳೂವರೆಯವನಿಗೆ ‘ಸುಳ್ಳು’ ಎಂದು ಹೇಳುವುದಕ್ಕಿಂತ ಸುಳ್ಳನ್ನು ಅವನ ಕೈಯಲ್ಲೇ ಮಾಡಿಸುವುದು ಲೇಸು.

ಕೊನೆಯ ಸಲಹೆಗೆ ತಂದೆ ಸುಲಭವಾಗಿ ಒಪ್ಪಲಿಲ್ಲ. ಶಿಳ್ಳೆ ಹೊಡೆದದ್ದರ ಬಗ್ಗೆ ಮಗನ ಹತ್ತಿರ ಮಾತಾಡಿ ಎಂದೆ. ‘ಸಣ್ಣ ಹುಡುಗನ ಹತ್ರ ತಪ್ಪಾಯ್ತು ಅನ್ನಬೇಕಾ? ನಾಳೆ ನನ್ನ ಮಾತು ಕೇಳ್ತಾನಾ?’ ಎಂದರು. ತಂದೆಯ ಗೌರವ ಹೋಗುತ್ತದೆ ಎಂದು ಇಂಥ ಸಲಹೆಯನ್ನು ಆಕ್ಷೇಪಿಸುವ ಸಹೋದ್ಯೋಗಿಗಳೂ ಇದ್ದಾರೆ. ನಾನು ಬಿಡಲಿಲ್ಲ. ಗೇಟು, ಸೈರನ್, ಕ್ಯಾರೆಟ್ ಎಲ್ಲ ಆ ಕಾವಲುಗಾರನ ಸಾವಿಗೆ ಉತ್ತರ. ಆ ಸಾವನ್ನು ನೋಡಿ ಅಪ್ಪ ಖುಷಿಪಟ್ಟರು ಎಂಬುದಕ್ಕೆ ಅಪ್ಪನ ಬಾಯಿಂದಲ್ಲದೆ ಉತ್ತರವಿಲ್ಲ. ಹುಡುಗ ಕನಸನ್ನು ಯಾರಿಗೂ ಹೇಳದೆ ಇದ್ದದ್ದೂ ಅದಕ್ಕೇ. ಕೇಳಬೇಕಾದ ಮನುಷ್ಯನೇ ಶಿಳ್ಳೆ ಹೊಡೆದಿದ್ದ. ದೊಡ್ಡ ಕ್ಷಮಾಪಣೆ ಬೇಡ, ‘ನಾನು ಹೀರೋನ ಮಾತ್ರ ನೋಡ್ತಿದ್ದೆ, ಆ ಅಂಕಲ್‌ನ ನೋಡಲೇ ಇಲ್ಲ. ನೀನು ನೋಡಿದೆ’ ಎಂದಷ್ಟು ಸಾಕು ಎಂದೆ.

ಅಜ್ಜಿ ಸಿನಿಮಾವನ್ನೇ ಬಿಡಿಸಿ ಎಂದರು. ಬೇಡ ಎಂದೆ. ಅಣ್ಣನಿಗೆ ಆ ಚಿತ್ರದಿಂದ ಏನೂ ಆಗಿರಲಿಲ್ಲ. ಜೊತೆಗೆ, ರಾತ್ರಿ ಊಟದ ಹೊತ್ತಿಗೆ ಆ ಮನೆಯಲ್ಲಿ ಓಡುತ್ತಿದ್ದ ಟಿವಿ ಕ್ರೈಂ ಕಾರ್ಯಕ್ರಮ ಅಜ್ಜಿಯದೇ ಎಂದು ತಾಯಿ ಮೆಲ್ಲಗೆ ಹೇಳಿದ್ದರು. ಅದಕ್ಕೂ ಬೇರೆ ಹೊತ್ತು ಗೊತ್ತುಮಾಡಿದೆವು.

ಒಂದು ತಿಂಗಳು ದಾಟಿಯೂ ನಿದ್ದೆ ಹತ್ತದಿದ್ದರೆ, ಶಾಲೆಗೆ ಹೋಗದಿದ್ದರೆ, ಊಟ ಬಿಟ್ಟರೆ ಮಕ್ಕಳ ಮನೋವೈದ್ಯರ ಬಳಿ ಕಳಿಸುತ್ತೇನೆ ಎಂದಿದ್ದೆ. ಬೇಕಾಗಲಿಲ್ಲ. ಮೂರನೇ ವಾರದ ರಾತ್ರಿ ಪಾಳಿಯಲ್ಲಿ ಹುಡುಗ ಫೋನ್ ಇಟ್ಟು ಒಂಬತ್ತೂಕಾಲಿಗೆ ಮಲಗಿದ. ಮಲಗುವ ಮುಂಚೆ ಮುಂಬಾಗಿಲ ಚಿಲಕ ಮುಟ್ಟಿ ನೋಡುವುದು ಮಾತ್ರ ಉಳಿದಿದೆ, ಬಿಡಿಸಬೇಕಾ ಎಂದು ತಾಯಿ ಕೇಳಿದರು. ಒಂದು ಸಲ ನೋಡಿದರೆ ನೋಡಿಕೊಳ್ಳಲಿ, ಎದ್ದೆದ್ದು ಹೋಗಿ ನೋಡತೊಡಗಿದರೆ ಕರೆದುಕೊಂಡು ಬನ್ನಿ ಎಂದೆ.