ನಿಮ್ಮ ತಂದೆಯವರು ಕೇಳದ ಪ್ರಶ್ನೆ

ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವರಾಗಿದ್ದು ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಓದುಗರೊಬ್ಬರು ಬರೆಯುತ್ತಾರೆ: ‘ಸಂಬಳಕ್ಕೆ ಕೊರತೆಯಿಲ್ಲ. ಆದರೂ ಬದುಕಿನ ಅರ್ಥವೇನೆಂದು ತಿಳಿಯದೆ ಎರಡು ವರ್ಷಗಳಿಂದ ಪುಸ್ತಕ ಓದಿದೆ, ಧ್ಯಾನ ಶಿಬಿರಗಳಿಗೆ ಹೋದೆ. ಊರಿನಲ್ಲಿ ತಂದೆ ಬೆಳಗಾದರೆ ಅಡಿಕೆ ತೋಟಕ್ಕೆ ಇಳಿಯುತ್ತಾರೆ. ಈ ಪ್ರಶ್ನೆ ಅವರನ್ನು ಕಾಡಿದ್ದೇ ಇಲ್ಲ. ಅರ್ಥದ ಅರಿವಿಲ್ಲದವರೇ ಸುಖಿಗಳೇ?’

ಮಾನ್ಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮ್ಮ ಸಂಕಟ ನಿಜವಾದದ್ದು, ಪ್ರಶ್ನೆಯೂ ದೊಡ್ಡದು. ಮಂಜೇಶ್ವರದಲ್ಲಿದ್ದುಕೊಂಡು ಯೇಸುವಿನ ಕೊನೆಯ ದಿನವನ್ನೂ ಬುದ್ಧನ ಕೊನೆಯ ದಿನವನ್ನೂ ಕಾವ್ಯವಾಗಿಸಿದ ಗೋವಿಂದ ಪೈಗಳ ನಾಡಿನವರಾದ ನಾವು ಅಂತರಂಗದ ಹುಡುಕಾಟವನ್ನು ಹಗುರವಾಗಿ ಕಾಣಲಾರೆವು. ಆದರೆ ತಂದೆಯವರಿಗೆ ಅರಿವಿಲ್ಲವೆಂದು ಬರೆದಿರಲ್ಲ, ಆ ಒಂದು ಮಾತನ್ನು ನಾನು ಒಪ್ಪುವುದಿಲ್ಲ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ನಾಜಿಗಳ ಸೆರೆಶಿಬಿರಗಳಲ್ಲಿ ಹೆತ್ತವರನ್ನೂ ಹೆಂಡತಿಯನ್ನೂ ಕಳೆದುಕೊಂಡು, ಬದುಕಿ ಬಂದು, 1946ರಲ್ಲಿ ತಮ್ಮ ಅನುಭವವನ್ನು ಪ್ರಕಟಿಸಿದರು. ಬದುಕಿನ ಅರ್ಥವೇನೆಂದು ನಾವು ಕೇಳುವುದಲ್ಲ, ಬದುಕೇ ದಿನದಿನವೂ ನಮ್ಮನ್ನು ಕೇಳುತ್ತಿರುತ್ತದೆ, ನಾವು ನಡತೆಯಿಂದ ಉತ್ತರಿಸಬೇಕು ಎಂಬುದು ಅವರು ಕಂಡುಕೊಂಡ ವಿಚಾರ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮದ್ದು ಬಿಡಿಸಿ, ಬೇಸಿಗೆಯಲ್ಲಿ ಬುಡಕ್ಕೆ ನೀರು ಹಾಯಿಸಿ, ತಮ್ಮ ಕಾಲಾನಂತರವೂ ಫಲ ಕೊಡಬೇಕಾದ ಸಸಿಗಳನ್ನು ನೆಡುವ ನಿಮ್ಮ ತಂದೆಯವರು ಉತ್ತರಿಸುತ್ತಲೇ ಇದ್ದಾರೆ. ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಅವರಿಗೆ ಪುರುಸೊತ್ತು ಸಿಕ್ಕಿಲ್ಲ, ಅಷ್ಟೆ.

ನಿಮ್ಮ ತೋಟದ ಮೇಲಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗವೊಂದು ಇರಬಹುದು. ನಮ್ಮ ಕಡೆ ಅದಿಲ್ಲದ ಹಳೆಯ ತೋಟಗಳು ಕಡಿಮೆ. ಮುರಕಲ್ಲನ್ನು ಪಿಕ್ಕಾಸಿನಿಂದ ಕಡಿಯುತ್ತ, ಒಬ್ಬ ಆಳು ಹೋಗುವಷ್ಟೇ ಅಗಲದ ಆ ಕತ್ತಲೆಯೊಳಗೆ ಮೊಂಬತ್ತಿ ಹಿಡಿದು, ಉಸಿರಾಡಲು ಗಾಳಿಯಿದೆಯೇ ಎಂಬುದನ್ನು ಅದರ ಉರಿಯಿಂದಲೇ ತಿಳಿಯುತ್ತ ಕೋಲುಗಟ್ಟಲೆ (ಕೋಲೆಂಬುದು ನಮ್ಮ ಕಡೆಯ ಉದ್ದದ ಅಳತೆ) ಮುಂದೆ ಸಾಗಿದವನಿಗೆ ನೀರು ಸಿಕ್ಕೇ ಸಿಗುತ್ತದೆಂಬ ಖಾತ್ರಿ ಇರಲಿಲ್ಲ. ನಿಮ್ಮ ಪೆರ್ಲದಿಂದ ಕರ್ನಾಟಕದ ಗಡಿ ದಾಟಿದರೆ ಸಿಗುವ ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಹಗಲು ಕೂಲಿ ಮುಗಿಸಿ ಬಂದು ರಾತ್ರಿ ಸುರಂಗ ಕೊರೆದವರು. ಒಂದರ ಹಿಂದೊಂದು ಸುರಂಗದಲ್ಲಿ ನೀರು ಸಿಗದೆ ಹೋದರೂ ಮತ್ತೊಂದನ್ನು ಕೊರೆದರು. ಕೊನೆಗೂ ನೀರು ಬಂತು, ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಅವರನ್ನು ಕೊಂಡಾಡಿದೆವು. ನನ್ನ ಮನಸ್ಸು ಮಾತ್ರ ನೀರಿಲ್ಲದ ಆ ಸುರಂಗಗಳ ರಾತ್ರಿಗಳನ್ನೇ ನೆನೆಯುತ್ತದೆ.

ಪೆರ್ಡಾಲದ ಕಯ್ಯಾರ ಕಿಞ್ಞಣ್ಣ ರೈಗಳು ಮಣ್ಣಿನಲ್ಲಿ ದುಡಿದರು, ಮಕ್ಕಳಿಗೆ ಕಲಿಸಿದರು, ಕವಿತೆ ಬರೆದರು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅದು ಕರ್ನಾಟಕಕ್ಕೆ ಬರಬೇಕೆಂದು ಹೋರಾಡಿದರು. ಆ ಆಸೆ ಕೈಗೂಡಲಿಲ್ಲ. ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು ‘ದುಡಿತವೇ ನನ್ನ ದೇವರು’. ಸೋಲೇ ಬದುಕನ್ನು ಬರಿದು ಮಾಡುವುದಾಗಿದ್ದರೆ ಅವರ ಬದುಕು ಬರಿದಾಗಬೇಕಿತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗಡಿನಾಡಿನಲ್ಲಿ ಕನ್ನಡ ಪತ್ರಿಕೆ ನಡೆಸಿ ಏನು ಪ್ರಯೋಜನ ಎಂದು ನನ್ನನ್ನು ಕೇಳುವವರು ಹೊರಗಿನವರಲ್ಲ, ನಿಮ್ಮಂತೆ ಓದಿ ಊರುಬಿಟ್ಟ ನಮ್ಮವರೇ. ನವೆಂಬರ್ ಒಂದರಂದು ಬೆಂಗಳೂರಿನ ವೇದಿಕೆಗಳಲ್ಲಿ ಕಾಸರಗೋಡಿಗಾಗಿ ಕಣ್ಣೀರು ಹರಿಯುತ್ತದೆ. ಎರಡನೆಯ ತಾರೀಕಿಗೆ ಇಲ್ಲಿ ಮಲಯಾಳದ ಅರ್ಜಿ ಹಿಡಿದು ಕಚೇರಿಯ ಮುಂದೆ ನಿಂತ ಮುದುಕಿಗೆ ಅದನ್ನು ಓದಿ ಹೇಳುವವರಿಲ್ಲ. ನನಗೆ ಪರಿಚಿತರಾದ ನಿವೃತ್ತ ಮೇಷ್ಟ್ರೊಬ್ಬರು, ಊರ ಶಾಲೆಯ ಕನ್ನಡ ಮಕ್ಕಳಿಗೆ ಕನ್ನಡ ಬಾರದವರು ಗಣಿತ ಕಲಿಸಲು ಬಂದ ವರ್ಷ, ತಮ್ಮ ಜಗಲಿಯಲ್ಲೇ ಸಂಜೆ ಪಾಠ ಶುರುಮಾಡಿದರು. ಸಂಬಳವಿಲ್ಲ, ಸನ್ಮಾನವಿಲ್ಲ. ‘ಯಾಕೆ ಈ ಕಷ್ಟ ಮಾಸ್ಟ್ರೇ?’ ಎಂದೆ. ‘ಮಕ್ಕಳು ಬರ್ತಾರಲ್ಲ’ ಎಂದರು.

ನೀವು ಶಿಬಿರಗಳಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ತಂದೆಯವರೊಂದಿಗೆ ಒಂದು ವಾರ ತೋಟಕ್ಕೆ ಇಳಿಯಿರಿ. ಸುರಂಗವಿದ್ದರೆ ಅದನ್ನು ಯಾರು ಕೊರೆದರು, ಎಷ್ಟು ಕೋಲು ಹೋದ ಮೇಲೆ ನೀರು ಬಂತು ಎಂದು ಕೇಳಿ ಬರೆದು ಕಳುಹಿಸಿ. ಪತ್ರಿಕೆಯಲ್ಲಿ ಎರಡು ಪುಟ ತೆಗೆದಿಟ್ಟಿರುತ್ತೇನೆ.

– ಸಂ.